ಹಾವಿನ ಹೇರಿಲಗೆ ಯಾವ ಭಾಷೆಯದು? ಕೊಲ್ಲಾಪುರದ ಶಾಸನಗಳು ಮತ್ತು ಯಂತ್ರದ ಓದು

ಶಿಲಾಹಾರ ಅರಸ ವಿಜಯಾದಿತ್ಯನ ಕಾಲದ, ಶಕ 1065ರ (ಕ್ರಿ.ಶ. 1143) ಕೊಲ್ಲಾಪುರ ಶಾಸನವನ್ನು ಎಫ್. ಕೀಲ್‌ಹಾರ್ನ್ ಅವರು ‘ಎಪಿಗ್ರಾಫಿಯಾ ಇಂಡಿಕಾ’ದ ಮೂರನೆಯ ಸಂಪುಟದಲ್ಲಿ ಸಂಪಾದಿಸಿದ್ದಾರೆ. ಅದರ ಲಿಪಿ ಕನ್ನಡ, ಭಾಷೆ ಸಂಸ್ಕೃತ, ನೆಲೆ ಇಂದಿನ ಮಹಾರಾಷ್ಟ್ರ. ಕ್ಷುಲ್ಲಕಪುರದ, ಎಂದರೆ ಕೊಲ್ಲಾಪುರದ, ರೂಪನಾರಾಯಣ ಬಸದಿಯ ಮಾಘನಂದಿ ಸಿದ್ಧಾಂತದೇವರ ಶಿಷ್ಯನಾದ ವಾಸುದೇವನೆಂಬವನು ಕಟ್ಟಿಸಿದ ಪಾರ್ಶ್ವನಾಥ ಬಸದಿಗೆ ಅರಸನು ಬಿಟ್ಟುಕೊಟ್ಟ ಹೊಲ ಮತ್ತು ಮನೆಯ ವಿವರ ಅದರಲ್ಲಿದೆ. ಹೊಲವಿದ್ದ ಊರಿನ ಹೆಸರು ‘ಹಾವಿನ ಹೇರಿಲಗೆ’. ಇದನ್ನು ಹಾತಕಣಂಗಲೆ ಸೀಮೆಯ, ಇಚಲಕರಂಜಿಗೆ ದೂರವಲ್ಲದ ಹೆರ್ಲೆ ಎಂದು ಗುರುತಿಸಲಾಗಿದೆ. ಶುದ್ಧ ಸಂಸ್ಕೃತ ವಾಕ್ಯದ ನಡುವೆ ‘ಹಾವಿನ’ ಎಂಬ ಕನ್ನಡದ ಷಷ್ಠೀರೂಪ ತನ್ನ ಪ್ರತ್ಯಯವನ್ನು ಕಳಚದೆ ಕುಳಿತಿದೆ. ಶಾಸನಕವಿ ಅದನ್ನು ಸಂಸ್ಕೃತಕ್ಕೆ ತಿರುಗಿಸಲಿಲ್ಲ. ತಿರುಗಿಸಿದ್ದರೆ ಊರು ತಪ್ಪುತ್ತಿತ್ತು, ದಾನವೂ ತಪ್ಪುತ್ತಿತ್ತು.

ಈ ಕಲ್ಲನ್ನು ಒಂದು ಡಿಜಿಟಲ್ ದಾಖಲೆಪಟ್ಟಿಗೆ ಸೇರಿಸಬೇಕೆಂದುಕೊಳ್ಳೋಣ. ಪಟ್ಟಿಯಲ್ಲಿ ‘ಭಾಷೆ’ ಎಂಬ ಒಂದೇ ಅಂಕಣವಿದ್ದರೆ ಅಲ್ಲಿ ‘ಸಂಸ್ಕೃತ’ ಎಂದು ಬೀಳುತ್ತದೆ, ಅದು ತಪ್ಪೂ ಅಲ್ಲ. ಆದರೆ ಮುಂದೆ ಕನ್ನಡ ಶಾಸನಗಳನ್ನು ಹುಡುಕುವವರಿಗೆ ಹಾವಿನ ಹೇರಿಲಗೆ ಸಿಗುವುದಿಲ್ಲ. ಆ ಪಟ್ಟಿಯಿಂದಲೇ ಪಾಠ ಕಲಿತ ಯಂತ್ರಕ್ಕೂ ಸಿಗುವುದಿಲ್ಲ. ಖಿದ್ರಾಪುರದ ಕೊಪ್ಪೇಶ್ವರ ದೇಗುಲದಲ್ಲಿ ಈ ತೊಡಕು ಇನ್ನೂ ಒಂದು ಸುತ್ತು ಬಿಗಿಯುತ್ತದೆ. ಅಲ್ಲಿನ ಶಾಸನಗಳಲ್ಲಿ ಹೆಚ್ಚಿನವು ಕನ್ನಡದವು. ಆದರೆ 13ನೆಯ ಶತಮಾನದ ಆದಿಭಾಗದಲ್ಲಿ ಯಾದವ ಸಿಂಘಣನು ಹಾಕಿಸಿದ ಹೊರಗೋಡೆಯ ಶಾಸನ ನಾಗರಿ ಲಿಪಿಯ ಸಂಸ್ಕೃತದಲ್ಲಿದೆ. ಅದರಲ್ಲಿ ದೇವರಿಗೆ ದತ್ತಿಯಾಗಿ ಬಂದ ಊರು ನದಿಗಳು ಕೂಡುವೆಡೆಯ ‘ಕೂಡಲ ದಾಮವಾಡ’. ಇಲ್ಲಿ ಲಿಪಿಯ ಅಂಕಣವೂ ಭಾಷೆಯ ಅಂಕಣವೂ ಕನ್ನಡವನ್ನು ಹೊರಗಿಡುತ್ತವೆ. ಆದರೂ ‘ಕೂಡಲ’ ಎಂಬ ಮಾತು ಕನ್ನಡ ಕಿವಿಗೆ ವಿವರಣೆಯಿಲ್ಲದೆಯೇ ಅರ್ಥವಾಗುತ್ತದೆ.

ಪುರಾತತ್ತ್ವ ಮತ್ತು ಪರಂಪರೆಯ ದಾಖಲೀಕರಣಕ್ಕೆ ಚಿತ್ರಗ್ರಹಣ ತಂತ್ರಗಳು ತಂದುಕೊಟ್ಟ ಲಾಭವನ್ನು ಅಲ್ಲಗಳೆಯಲಾಗದು. ಒದ್ದೆ ಕಾಗದವನ್ನು ಕಲ್ಲಿಗೆ ಕುಂಚದಿಂದ ಬಡಿದು ಮಸಿ ತಟ್ಟಿ ತೆಗೆಯುವ ಪಡಿಯಚ್ಚು ಒಂದು ಶತಮಾನಕ್ಕೂ ಹೆಚ್ಚು ಕಾಲ ಶಾಸನಾಧ್ಯಯನದ ಬೆನ್ನೆಲುಬಾಗಿತ್ತು. ಆದರೆ ಅದು ಆಳವನ್ನು ಕಪ್ಪುಬಿಳುಪಿಗೆ ಇಳಿಸುತ್ತದೆ. ಟಾಮ್ ಮಾಲ್ಜ್‌ಬೆಂಡರ್ ಮತ್ತು ಸಂಗಡಿಗರು 2001ರಲ್ಲಿ ಮಂಡಿಸಿದ ವಿಧಾನದಲ್ಲಿ ಕ್ಯಾಮೆರಾ ನಿಂತಲ್ಲೇ ನಿಂತು ಬೆಳಕು ಮಾತ್ರ ಸ್ಥಳ ಬದಲಿಸುತ್ತದೆ. ಓದುಗನು ಬಳಿಕ ಪರದೆಯ ಮೇಲೆ ಬೆಳಕನ್ನು ತನಗೆ ಬೇಕಾದ ದಿಕ್ಕಿನಿಂದ ಹಾಯಿಸಿ ಸವೆದ ಗೆರೆಯನ್ನು ಕಾಣಬಹುದು. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಲ್ಲಿ ಆರಂಭಿಸಿದ ಶಾಸನಗಳ ಮೂರು ಆಯಾಮದ ಡಿಜಿಟಲ್ ಸಂರಕ್ಷಣಾ ಯೋಜನೆ ಹೆಬ್ಬಾಳದ ಕಿತ್ತಯ್ಯನ ವೀರಗಲ್ಲಿನಂತಹ ಹಳೆಯ ಕಲ್ಲುಗಳನ್ನು ಸ್ಕ್ಯಾನ್ ಮಾಡಿತು. ಶಾಸನಾಕ್ಷರಗಳ ‘ಅಕ್ಷರ ಭಂಡಾರ’ವನ್ನೂ ರೂಪಿಸಿತು. 2019 ಮತ್ತು 2021ರ ಪ್ರವಾಹಗಳಲ್ಲಿ ಕೃಷ್ಣೆ, ಪಂಚಗಂಗೆಯರು ಶಿರೋಳ ತಾಲೂಕಿನ ಹಳ್ಳಿಗಳಿಗೆ ನುಗ್ಗಿದ್ದನ್ನು ಬಲ್ಲವರಿಗೆ ಇಂತಹ ಕೆಲಸ ಏಕೆ ತುರ್ತಿನದೆಂದು ಹೇಳಬೇಕಾಗಿಲ್ಲ.

ಪ್ರಶ್ನೆ ಹುಟ್ಟುವುದು ಚಿತ್ರದಲ್ಲಲ್ಲ, ಚಿತ್ರದಿಂದ ಪಾಠಕ್ಕೆ ದಾಟುವಲ್ಲಿ. ಯಂತ್ರಕಲಿಕೆಯನ್ನು ಹೊಗಳುವ ಬರಹಗಳು ಈ ಎರಡನ್ನೂ ಬೆರೆಸಿಬಿಡುತ್ತವೆ. 2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ‘ಇಥಾಕಾ’ ಎಂಬ ಗ್ರೀಕ್ ಶಾಸನಗಳ ಮಾದರಿಯನ್ನೇ ನೋಡಬಹುದು. ಮುರಿದ ಶಾಸನದ ಕಳೆದುಹೋದ ಅಕ್ಷರಗಳನ್ನು ಊಹಿಸುವ ಪರೀಕ್ಷೆಯಲ್ಲಿ ಇತಿಹಾಸಕಾರರು ತಾವಾಗಿ 25 ಪ್ರತಿಶತ, ಯಂತ್ರ ತಾನಾಗಿ 62 ಪ್ರತಿಶತ, ಇಬ್ಬರೂ ಕೂಡಿದಾಗ 72 ಪ್ರತಿಶತ ಸರಿಯುತ್ತರ ನೀಡಿದರು. ಮೂರನೆಯ ಅಂಕಿಯೇ ಮುಖ್ಯ ಎಂಬುದನ್ನು ಅದರ ನಿರ್ಮಾತೃಗಳೇ ಒತ್ತಿ ಹೇಳಿದ್ದಾರೆ. ಇಥಾಕಾ ಕಲ್ಲನ್ನು ನೋಡುವುದೇ ಇಲ್ಲ ಎಂಬುದೂ ಅಷ್ಟೇ ಮುಖ್ಯ. ಅದು ಓದುವುದು ವಿದ್ವಾಂಸರು ಈಗಾಗಲೇ ಓದಿ ಅಚ್ಚುಮಾಡಿದ ಪಾಠವನ್ನು, ಅದೂ ಎಪ್ಪತ್ತು ಸಾವಿರಕ್ಕೂ ಮೀರಿದ ಶಾಸನಗಳ ಪಾಠವನ್ನು. ಯಂತ್ರದ ಕಣ್ಣೆಂದು ನಾವು ಕರೆಯುವುದು ತಲೆಮಾರುಗಳ ಸಂಪಾದಕರ ಕಣ್ಣು.

ಹಾಗಾದರೆ ಕನ್ನಡದಲ್ಲಿ ಅಂತಹ ಯಂತ್ರ ಯಾರ ಕಣ್ಣಿನಿಂದ ನೋಡೀತು? ಕೈಗೆ ಮೊದಲು ಸಿಗುವ ರಾಶಿ 1886ರಿಂದ ಬಿ. ಎಲ್. ರೈಸ್ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’. ಅದು ಮಹತ್ತ್ವದ ಕೆಲಸ, ಆದರೆ ಮೈಸೂರು ಸಂಸ್ಥಾನ ಮತ್ತು ಕೊಡಗಿನ ಗಡಿಯೊಳಗಿನ ಕೆಲಸ. ಉತ್ತರದ ಪಾಠಗಳು ಹಲವು ಕಡೆ ಚದುರಿವೆ: ‘ಇಂಡಿಯನ್ ಆಂಟಿಕ್ವರಿ’ಯಲ್ಲಿ, ದಕ್ಷಿಣ ಭಾರತದ ಶಾಸನಗಳ ಸರಣಿಯ ಮುಂಬಯಿ ಕರ್ನಾಟಕ ಸಂಪುಟಗಳಲ್ಲಿ, ಕೆ. ಜಿ. ಕುಂದಣಗಾರರು 1939ರಲ್ಲಿ ಪ್ರಕಟಿಸಿದ ಉತ್ತರ ಕರ್ನಾಟಕ ಮತ್ತು ಕೊಲ್ಲಾಪುರ ಸಂಸ್ಥಾನದ ಶಾಸನಗಳ ಗ್ರಂಥದಲ್ಲಿ, ವಾ. ವಿ. ಮಿರಾಶಿಯವರು 1977ರಲ್ಲಿ ಸಂಪಾದಿಸಿದ ಶಿಲಾಹಾರ ಶಾಸನ ಸಂಪುಟದಲ್ಲಿ. ಅನುಕೂಲಕ್ಕೆಂದು ಮೊದಲ ರಾಶಿಯನ್ನಷ್ಟೇ ಉಣಿಸಿದರೆ ಯಂತ್ರವು ಕನ್ನಡದ ಹೆಸರಿನಲ್ಲಿ ಹಳೆಯ ಮೈಸೂರಿನ ಭೂಗೋಳವನ್ನು ಕಲಿಯುತ್ತದೆ. ಗಂಗ, ಹೊಯ್ಸಳರ ವಾಕ್ಯಕ್ರಮ ಅದಕ್ಕೆ ಸಹಜವೆನಿಸುತ್ತದೆ, ಶಿಲಾಹಾರ ಬಿರುದಾವಳಿ ಅಪವಾದವೆನಿಸುತ್ತದೆ. ಸಂಸ್ಥಾನವೊಂದರ ಆಡಳಿತದ ಗಡಿ ಹೀಗೆ ಭಾಷೆಯ ಸಂಭವನೀಯತೆಯಾಗಿ ಮಾರ್ಪಡುತ್ತದೆ. ರಾಜ್ಯ ಪುನರ್ವಿಂಗಡಣೆಯ ವಾದವಿವಾದಗಳಲ್ಲಿ ಶಾಸನಗಳನ್ನು ಎಣಿಸಿ ತೋರಿಸುತ್ತಿದ್ದ ಪರಿಪಾಠಕ್ಕೆ ಇದು ಹೊಸ ಹೆಸರಿನ ವಾರಸುದಾರ ಎಂದರೂ ಅತಿಶಯವಾಗದು. ಆ ಎಣಿಕೆಯಲ್ಲಿ ಎರಡೂ ಕಡೆಯವರು ಕಲ್ಲನ್ನು ಪೂರ್ತಿ ಓದಿದ್ದು ಕಡಿಮೆ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಕನ್ನಡ, ತಮಿಳು, ಮರಾಠಿ ಸಾಲುಗಳು ಒಟ್ಟಿಗೇ ಇವೆ. ಆ ಮರಾಠಿ ಸಾಲುಗಳು ಕರ್ನಾಟಕದ ದಾಖಲೆಯಲ್ಲಿ ಎಷ್ಟು ಸಹಜವೋ ಖಿದ್ರಾಪುರದ ಕನ್ನಡ ಸಾಲುಗಳು ಮಹಾರಾಷ್ಟ್ರದ ದಾಖಲೆಯಲ್ಲಿ ಅಷ್ಟೇ ಸಹಜವಾಗಬೇಕು.

ಅಕ್ಷರದ ಮಟ್ಟಕ್ಕೆ ಇಳಿದರೆ ವಿಷಯ ಇನ್ನಷ್ಟು ಸೂಕ್ಷ್ಮ. ಶಿಲಾಹಾರರ 12ನೆಯ ಶತಮಾನವು ‘ೞ’ ಎಂಬ ರಳ ತನ್ನ ಸ್ಥಾನ ಕಳೆದುಕೊಳ್ಳುತ್ತಿದ್ದ ಕಾಲ. ಬರೆಯುವವನು ಒಮ್ಮೆ ೞ, ಒಮ್ಮೆ ಳ, ವ್ಯಂಜನದ ಮುಂದೆ ಒಮ್ಮೆ ರೇಫೆ ಬಳಸುತ್ತಾನೆ. ಮುಂದಿನ ಶತಮಾನದ ಕೇಶಿರಾಜ ರಳ, ಕುಳ, ಕ್ಷಳಗಳನ್ನು ಬಿಡಿಸಿ ಹೇಳಬೇಕಾಗಿ ಬಂದದ್ದೇ ಬಳಕೆಯಲ್ಲಿ ಅವು ಕಲಸಿಹೋಗಿದ್ದವೆಂಬುದಕ್ಕೆ ಸಾಕ್ಷಿ. ಕಾಲನಿರ್ಣಯಕ್ಕೆ ಈ ಏರುಪೇರು ಒಂದು ಆಧಾರ. ಪಾಠವನ್ನು ಕಂಪ್ಯೂಟರಿಗೆ ಏರಿಸುವವರು ಇಂದಿನ ಕೀಲಿಮಣೆಯ ಅನುಕೂಲಕ್ಕೆ ೞವನ್ನೆಲ್ಲ ಳ ಮಾಡಿಬಿಟ್ಟರೆ, ಕಾಲ ಹೇಳಬೇಕಾದ ಯಂತ್ರದ ಕೈಯಿಂದ ಗಡಿಯಾರವನ್ನು ಕಿತ್ತುಕೊಂಡಂತೆ. ಯೂನಿಕೋಡ್ ಈ ಅಕ್ಷರಕ್ಕೆ ಮೊದಲು ಕೊಟ್ಟ ಅಧಿಕೃತ ಹೆಸರು ‘ಕನ್ನಡ ಲೆಟರ್ ಎಫ್‌ಎ’! ಅದು ಪ್ರಮಾದವೆಂದು ತಿಳಿದ ಮೇಲೂ, ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ತಿದ್ದಿದ ಹೆಸರು ಉಪನಾಮವಾಗಿ ಮಾತ್ರ ಸೇರಿಕೊಂಡಿತು. ಎ ಮತ್ತು ಏ, ಒ ಮತ್ತು ಓ ಎಂಬ ಹ್ರಸ್ವದೀರ್ಘ ಭೇದವನ್ನು ಹಳೆಯ ಶಾಸನಗಳು ಬಹುಮಟ್ಟಿಗೆ ತೋರಿಸುವುದಿಲ್ಲ. ಅಚ್ಚಿನಲ್ಲಿ ಕಾಣುವ ಭೇದ ಸಂಪಾದಕರ ನಿರ್ಣಯ. ಕಳೆದ ಅಕ್ಷರವನ್ನು ತುಂಬಿಕೊಟ್ಟಾಗ ಸಂಪಾದಕರು ಕಂಸದಲ್ಲಿಡುತ್ತಿದ್ದರು. ಅದು ಶಾಸನಶಾಸ್ತ್ರದ ಪ್ರಾಮಾಣಿಕತೆಯ ಚಿಹ್ನೆ. ದತ್ತಾಂಶವನ್ನು ‘ಶುಚಿ’ಗೊಳಿಸುವ ಭರದಲ್ಲಿ ಮೊದಲು ಉದುರುವುದೂ ಆ ಕಂಸಗಳೇ.

ಶುಚಿ ಎಂಬ ಮಾತು ಚಿತ್ರಕ್ಕೂ ಅನ್ವಯಿಸುತ್ತದೆ. ಹಳ್ಳಿಯ ಶಾಸನಕಲ್ಲಿಗೆ ಎಣ್ಣೆ, ಕುಂಕುಮ, ಸುಣ್ಣ, ಈಚೆಗೆ ಆಯಿಲ್ ಪೇಂಟ್ ಮೆತ್ತಿರುತ್ತದೆ. ಅಕ್ಷರ ಹುಡುಕುವ ಗಣಕಕ್ರಮಕ್ಕೆ ಇವೆಲ್ಲ ಗದ್ದಲ. ಓದಲು ಅವನ್ನು ತೆಗೆದುಹಾಕುವುದು ಅನಿವಾರ್ಯವೇ ಸರಿ. ಆದರೆ ತೆಗೆಯುವ ಮುನ್ನಿನ ಚಿತ್ರವೂ ದಾಖಲೆಯೇ. ಕಲ್ಲು ಇಷ್ಟು ಕಾಲ ಉಳಿದದ್ದು ಆ ಪೂಜೆಯಿಂದಲೂ ಇರಬಹುದಲ್ಲವೇ.

ಇನ್ನು ಓದುಗರ ಮಾತು. ಕುಂದಣಗಾರರು ಕೊಲ್ಲಾಪುರದ ರಾಜಾರಾಮ ಕಾಲೇಜಿನ ಅಧ್ಯಾಪಕರು. ಪ್ರಾಕೃತ ವಿದ್ವಾಂಸ ಆ. ನೇ. ಉಪಾಧ್ಯೆಯವರೂ ಅಲ್ಲಿಯವರೇ. ಮುಂದೆ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ 1961ರಲ್ಲಿ ಗದಗಿನಲ್ಲಿ ಮೊದಲನೆಯವರಿಗೆ, 1967ರಲ್ಲಿ ಶ್ರವಣಬೆಳಗೊಳದಲ್ಲಿ ಎರಡನೆಯವರಿಗೆ ಸಂದಿತು. ಮರಾಠಿ ನಗರವೊಂದರ ಕಾಲೇಜಿನ ಒಂದೇ ಸೂರಿನಡಿ ಕನ್ನಡ, ಪ್ರಾಕೃತ, ಸಂಸ್ಕೃತಗಳನ್ನು ಕೂಡಿಸಿ ಓದಬಲ್ಲವರಿದ್ದರು. ಸ್ಕ್ಯಾನರನ್ನು ಕೊಳ್ಳಬಹುದು, ಅಂತಹ ಸೂರನ್ನು ಕೊಳ್ಳಲಾಗದು. ಇಂದು ಗಡಹಿಂಗ್ಲಜ ತಾಲೂಕಿನ ಪೂರ್ವದ ಹಳ್ಳಿಗಳಲ್ಲಿ, ಇಚಲಕರಂಜಿಯ ನೇಕಾರರ ಎಷ್ಟೋ ಮನೆಗಳಲ್ಲಿ ಕನ್ನಡ ಆಡುಮಾತಾಗಿದೆ. ಓದುಬರಹ ಮಾತ್ರ ಹೆಚ್ಚಾಗಿ ನಾಗರಿಯಲ್ಲಿ. ಆ ತಾಲೂಕಿನಲ್ಲೂ ಹೆಬ್ಬಾಳಗಳಿವೆ, ಬಸರ್ಗೆ ಇದೆ. ಹೇರಿಲಗೆಯ ಕೊನೆಯ ‘ಗೆ’ ಬಸರ್ಗೆಯಲ್ಲಿ ಇನ್ನೂ ಉಸಿರಾಡುತ್ತಿದೆ. ಕಲ್ಲಿನ ಲಿಪಿಯನ್ನು ಗುರುತಿಸಲಾಗದ ಅಜ್ಜಿಯೊಬ್ಬಳು ಹೊಲದ ಹೆಸರನ್ನು, ಹಳ್ಳದ ಹೆಸರನ್ನು ಗುರುತಿಸಿಯಾಳು. ಯಂತ್ರಕ್ಕೆ ಲಿಪಿ ಬಂದೀತು, ಆ ಹೊಲ ಬಾರದು. ಜನರನ್ನು ದಾಖಲೀಕರಣದಲ್ಲಿ ತೊಡಗಿಸುವುದೆಂದರೆ ಅವರಿಂದ ಫೋಟೊ ತೆಗೆಸುವುದಷ್ಟೇ ಎಂದು ಬಗೆಯುವ ಯೋಜನೆಗಳು ಈ ಜ್ಞಾನವನ್ನು ಕೇಳುವುದೇ ಇಲ್ಲ.

ಇದಕ್ಕೆ ಬೇಕಾದ ತಾಂತ್ರಿಕ ಸಲಕರಣೆ ಇಲ್ಲದಿಲ್ಲ. ಪ್ರಾಚೀನ ಶಾಸನಗಳಿಗಾಗಿ ಬಳಕೆಯಲ್ಲಿರುವ ‘ಎಪಿಡಾಕ್’ ಪದ್ಧತಿಯಲ್ಲಿ ಭಾಷೆಗೂ ಲಿಪಿಗೂ ಪ್ರತ್ಯೇಕ ಸಂಕೇತ ಕೊಡಬಹುದು. ಅದನ್ನು ಇಡೀ ಶಾಸನಕ್ಕಲ್ಲದೆ ಒಂದೊಂದು ಪದಕ್ಕೂ ಕೊಡಬಹುದು. ಸಂಪಾದಕರ ಊಹೆಯನ್ನೂ ಅನುಮಾನವನ್ನೂ ಕಳೆಯದೆ ಉಳಿಸಬಹುದು. ವಿಜಯಾದಿತ್ಯನ ಕಲ್ಲಿನಲ್ಲಿ ಸಾಲು ಸಂಸ್ಕೃತವೆಂದು ಗುರುತಾಗಿದ್ದೂ ‘ಹಾವಿನ ಹೇರಿಲಗೆ’ ಕನ್ನಡವೆಂದು ಬೇರೆ ಗುರುತು ಪಡೆಯಬಹುದು, ಜೊತೆಗೆ ಹೆರ್ಲೆಯ ನಕಾಶೆಗೆ ಒಂದು ಕೊಂಡಿ. ಒಂದು ಕಲ್ಲಿಗೆ ಇಷ್ಟನ್ನು ಮಾಡಲು ಲಿಪಿ, ಸಂಸ್ಕೃತ, ಕನ್ನಡ, ಮರಾಠಿ ನಾಲ್ಕನ್ನೂ ಬಲ್ಲ ಒಬ್ಬರಿಗೆ ಹಲವು ದಿನಗಳ ಕೆಲಸ ಹಿಡಿಯುತ್ತದೆ. ಯೋಜನೆಗಳ ಆಯವ್ಯಯದಲ್ಲಿ ಕ್ಯಾಮೆರಾಕ್ಕೆ, ಸರ್ವರಿಗೆ ಸಾಲುಗಳಿರುತ್ತವೆ. ಈ ದಿನಗಳಿಗೂ ಒಂದು ಸಾಲು ಇದೆಯೇ ಎಂಬುದನ್ನು ಮೊದಲು ನೋಡಬೇಕು.