ಕಪಾಟಿನೊಳಗಿನ ಅತಿಥಿ

ಕಳೆದ ಬೇಸಿಗೆ ರಜೆಯಲ್ಲಿ ಉತ್ತರಹಳ್ಳಿಯ ನಮ್ಮ ಮನೆಯಲ್ಲಿ ಓಣಿಯ ನಾಲ್ಕೈದು ಮಕ್ಕಳನ್ನು ಕೂರಿಸಿಕೊಂಡು ಸ್ಪೀಲ್‌ಬರ್ಗ್‌ನ ‘ಇ.ಟಿ.’ (1982) ಮತ್ತೊಮ್ಮೆ ನೋಡಿದೆ. ಅನ್ಯಗ್ರಹದ ಆ ಕುಳ್ಳ ಜೀವಿಯನ್ನು ಕಂಡು ಎಲ್ಲರೂ ನಕ್ಕರು. ಮಹಡಿ ಮನೆಯ ಹುಡುಗ ಮಾತ್ರ ಒಂದು ಕಡೆ ನಗು ನಿಲ್ಲಿಸಿ ಸುಮ್ಮನಾದ. ಬಿಟ್ಟುಹೋದ ಅಪ್ಪನ ಹಳೆಯ ಅಂಗಿಯನ್ನು ಎಲಿಯಟ್ ಮತ್ತು ಅವನ ಅಣ್ಣ ಗ್ಯಾರೇಜಿನಲ್ಲಿ ಮೂಸಿ ನೋಡುವ ದೃಶ್ಯವದು. ಈ ಹುಡುಗನ ಅಬ್ಬಾ ದಮ್ಮಾಮ್‌ನಲ್ಲಿದ್ದಾರೆ.

ಮೆಲಿಸಾ ಮ್ಯಾಥಿಸನ್ ಬರೆದ ಈ ಚಿತ್ರಕಥೆಯಲ್ಲಿ ಆಕಾಶನೌಕೆಗಿಂತ ಒಡೆದ ಮನೆಯೇ ದೊಡ್ಡದು. ಅಪ್ಪ ಇನ್ನೊಬ್ಬಳೊಂದಿಗೆ ಮೆಕ್ಸಿಕೋದಲ್ಲಿದ್ದಾನೆ. ಅಮ್ಮ ಒಳ್ಳೆಯವಳು, ಆದರೆ ದಣಿದವಳು. ಅಣ್ಣನ ಗೆಳೆಯರು ಎಲಿಯಟ್‌ನನ್ನು ಆಟಕ್ಕೆ ಸೇರಿಸಿಕೊಳ್ಳುವುದಿಲ್ಲ. ಕ್ಯಾಮೆರಾ ಮಗುವಿನ ಎತ್ತರದಲ್ಲೇ ನಿಲ್ಲುತ್ತದೆ. ಅಮ್ಮನನ್ನು ಬಿಟ್ಟರೆ ದೊಡ್ಡವರ ಮುಖಗಳು ಬಹಳ ಹೊತ್ತು ಕಾಣುವುದೇ ಇಲ್ಲ. ಸೊಂಟದಲ್ಲಿ ಝಣಗುಡುವ ಬೀಗದ ಕೈಗೊಂಚಲೇ ಒಬ್ಬ ಅಧಿಕಾರಿಯ ಗುರುತು!

ಉರ್ದು ಶಾಲೆಯಲ್ಲಿ ‘ಹಮ್‌ದರ್ದ್’ ಎಂದು ಕಲಿತೆ, ನೋವಿನಲ್ಲಿ ಪಾಲುಗಾರ. ಕನ್ನಡದಲ್ಲಿ ‘ಅನುಕಂಪ’, ಜೊತೆಗೆ ಕಂಪಿಸುವುದು. ಬಳಸಿ ಬಳಸಿ ಸವೆದ ಈ ಮಾತುಗಳನ್ನು ಚಿತ್ರ ಅಕ್ಷರಶಃ ತೆಗೆದುಕೊಳ್ಳುತ್ತದೆ. ಮನೆಯಲ್ಲಿ ಇ.ಟಿ. ಬಿಯರ್ ಕುಡಿದರೆ ತರಗತಿಯಲ್ಲಿ ಎಲಿಯಟ್‌ಗೆ ಅಮಲೇರುತ್ತದೆ. ಕೊಯ್ಯಲು ತಂದ ಕಪ್ಪೆಗಳನ್ನೆಲ್ಲ ಅವನು ಬಿಟ್ಟುಬಿಡುತ್ತಾನೆ. ಅದು ಕಾಯಿಲೆ ಬಿದ್ದಾಗ ಇವನೂ ಬೀಳುತ್ತಾನೆ. ಕೇಳುವವರಿಲ್ಲದೆ ಬೆಳೆದ ಹುಡುಗನಿಗೆ ಕಪಾಟಿನಲ್ಲಿ ಅಡಗಿಸಿಟ್ಟ ಪರಕೀಯನ ಹೆದರಿಕೆ ಮೊದಲು ಗೊತ್ತಾಗುತ್ತದೆ. ವಿಜ್ಞಾನಿಗಳಿಗೆ ತಿಳಿಯುವುದು ಅದರ ನಾಡಿಬಡಿತ ಮಾತ್ರ.

ಇದನ್ನು ನೋಡುವಾಗೆಲ್ಲ ನನಗೆ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದ (1977) ನಾಣಿ ನೆನಪಾಗುತ್ತಾನೆ. ಅನಂತಮೂರ್ತಿಯವರ ಕತೆಯ ಈ ಹುಡುಗ ವೇದಪಾಠಕ್ಕೆಂದು ಮನೆ ಬಿಟ್ಟು ಬಂದವನು. ದೊಡ್ಡ ಹುಡುಗರ ಕಾಟಕ್ಕೆ ನಲುಗಿದವನು. ವಿಧವೆ ಯಮುನಕ್ಕ ಬಸಿರಾದಾಗ ಊರೆಲ್ಲ ದೂರ ಸರಿದರೂ ಇವನು ಅವಳ ಬೆನ್ನು ಬಿಡುವುದಿಲ್ಲ. ಎಲಿಯಟ್‌ನಿಗಾದರೋ ಹಾರುವ ಸೈಕಲ್ಲಿದೆ! ನಾಣಿಗೆ ಏನಿದೆ? ಅಪ್ಪ ಬಂದು ಕರೆದೊಯ್ಯುತ್ತಾನೆ, ಬಹಿಷ್ಕೃತಳಾದ ಯಮುನಾ ಅಲ್ಲೇ ಉಳಿಯುತ್ತಾಳೆ. ಸ್ಪೀಲ್‌ಬರ್ಗ್ ಸತ್ತ ಇ.ಟಿ.ಯನ್ನು ಬದುಕಿಸಿದ್ದು ನನಗೆ ತುಸು ಸುಲಭವೆನಿಸಿದೆ. ಆದರೆ ಹತ್ತು ವರ್ಷದ ಮಕ್ಕಳ ಮುಂದೆ ಕುಳಿತು ಹಾಗೆ ದೂರಲು ಬಾಯಿ ಬರಲಿಲ್ಲ.

ಚಿತ್ರ ಮುಗಿದ ಮೇಲೆ ಉಳಿದ ಮಕ್ಕಳು ಸೈಕಲ್ ಹಾರಿದ್ದರ ಬಗ್ಗೆ ಗದ್ದಲ ಎಬ್ಬಿಸಿದರು. ಮಹಡಿಯ ಹುಡುಗ ಚಪ್ಪಲಿ ಹಾಕಿಕೊಳ್ಳುತ್ತಾ, “ಅಂಕಲ್, ಆಮೇಲೆ ಅವನ ಅಪ್ಪ ಬಂದನಾ?” ಎಂದ.

ಸಿನಿಮಾದಲ್ಲಿ ಬರಲಿಲ್ಲ, ಎಂದೆ.