ಹಾಡು ಒಂದು, ಹಕ್ಕು ನಾಲ್ಕು

ಹೊಸ ಗಾಯಕರು ಆಡಿಯೋ ಕಂಪನಿಗೆ ಬರೆದುಕೊಡುವ ಅಗ್ರಿಮೆಂಟಿನ ಕನ್ನಡಕ್ಕೆ ಅದರದೇ ಗತ್ತು. ‘ಸದರಿ ಹಾಡಿನ ಸಮಸ್ತ ಹಕ್ಕುಗಳನ್ನು, ಪ್ರಪಂಚದಾದ್ಯಂತ, ಈಗಿರುವ ಹಾಗೂ ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳಿಗೂ ಶಾಶ್ವತವಾಗಿ ವಹಿಸಿಕೊಟ್ಟಿರುತ್ತೇನೆ’ ಎಂಬ ಧಾಟಿ. ಬದಲಿಗೆ ಒಂದಿಷ್ಟು ಹಣ. ಎಷ್ಟೋ ಸಲ ಅದೂ ಇಲ್ಲ, ಕಂಪನಿಯ ಚಾನೆಲ್ಲಿಗೆ ಲಕ್ಷಾಂತರ ಚಂದಾದಾರರಿದ್ದಾರೆ ಎಂಬ ಸಮಾಧಾನ ಮಾತ್ರ. ಇದನ್ನು ಮೋಸದ ವಾಕ್ಯ ಎನ್ನುವುದಕ್ಕಿಂತ ಸೋಮಾರಿ ವಾಕ್ಯ ಎನ್ನಬೇಕು. ‘ಸಮಸ್ತ ಹಕ್ಕು’ ಎಂದರೆ ಯಾವುದು, ಯಾರದು ಎಂಬ ಗೊಡವೆಗೇ ಅದು ಹೋಗುವುದಿಲ್ಲ.

ಒಂದು ಹಾಡಿನೊಳಗೆ ನಾಲ್ಕು ಹಕ್ಕುಗಳಿರುತ್ತವೆ. ಸಾಹಿತ್ಯ ಕವಿಯದು, ರಾಗಸಂಯೋಜನೆ ಸಂಗೀತ ನಿರ್ದೇಶಕರದು, ಹಾಡಿಕೆಯ ಮೇಲೆ ಗಾಯಕರಿಗೆ ಪ್ರದರ್ಶಕರ ಹಕ್ಕು. ಧ್ವನಿಮುದ್ರಣ, ಅಂದರೆ ಮಾಸ್ಟರ್, ನಿರ್ಮಾಪಕರದು. ಕನ್ನಡ ಭಾವಗೀತೆಗಳ ಮೊದಲ ಕ್ಯಾಸೆಟ್ ಎಂದು ಹೆಸರಾದ 1978ರ ‘ನಿತ್ಯೋತ್ಸವ’ವನ್ನೇ ನೋಡಿ: ಪದ್ಯ ನಿಸಾರ್ ಅಹಮದರದು, ಸಂಯೋಜನೆ ಮೈಸೂರು ಅನಂತಸ್ವಾಮಿಯವರದು. ಕೇಳುಗರಿಗೆ ಎಲ್ಲ ಸೇರಿ ಒಂದೇ ಹಾಡು, ಕಾಯ್ದೆಗೆ ಹಾಗಲ್ಲ.

ನಾಲ್ಕರಲ್ಲಿ ಈಗ ಹೆಚ್ಚು ಕೈತಪ್ಪುತ್ತಿರುವುದು ಮಾಸ್ಟರ್. ಧ್ವನಿಮುದ್ರಣಕ್ಕೆ ಮುಂದಾಗಿ ಅದರ ಹೊಣೆ ಹೊತ್ತವರೇ ನಿರ್ಮಾಪಕರು ಎನ್ನುತ್ತದೆ 1957ರ ಕೃತಿಸ್ವಾಮ್ಯ ಕಾಯ್ದೆ. ಕ್ಯಾಸೆಟ್ ಕಾಲದಲ್ಲಿ ಅದು ಕಂಪನಿಯೇ. ಸ್ಟುಡಿಯೋ ಬಾಡಿಗೆ, ವಾದ್ಯಗಾರರ ಸಂಭಾವನೆ ಎಲ್ಲ ಅದರದೇ ಖರ್ಚು. ಇವತ್ತು ಹುಡುಗಿಯೊಬ್ಬಳು ತನ್ನ ಸಂಬಳದ ಹಣದಲ್ಲಿ ಟ್ರ್ಯಾಕ್ ಮಾಡಿಸಿ, ಮಿಕ್ಸಿಂಗ್ ಮುಗಿಸಿ, ಸಿದ್ಧ ಹಾಡನ್ನು ಕಂಪನಿಗೆ ಒಯ್ಯುತ್ತಾಳೆ. ನಿರ್ಮಾಪಕಿ ಅವಳೇ. ಹಾಗಿದ್ದೂ ಕ್ಯಾಸೆಟ್ ಕಾಲದ ಕರಾರಿಗೇ ಸಹಿ ಹಾಕಿ ಬರುತ್ತಾಳೆ. ಖರ್ಚು ಪಕ್ಷ ಬದಲಿಸಿದೆ, ಕಾಗದ ಬದಲಾಗಿಲ್ಲ.

ಕಾಯ್ದೆಗೆ 2012ರ ತಿದ್ದುಪಡಿ ಬಂದದ್ದು ಹೀಗೆ ಸಮಸ್ತ ಹಕ್ಕಿಗೂ ಸಹಿ ಹಾಕುವವರ ನೆರವಿಗೇ. ಹಿಂದಿ ಚಿತ್ರಸಾಹಿತಿ ಜಾವೇದ್ ಅಖ್ತರ್ ಅದಕ್ಕಾಗಿ ಹೋರಾಡಿದರು. ಅದರ ಒಳ್ಳೆಯ ಅಂಶ ನಿಜಕ್ಕೂ ಒಳ್ಳೆಯದು: ಕವಿ ಮತ್ತು ಸಂಯೋಜಕರು ಹಕ್ಕು ಬರೆದುಕೊಟ್ಟ ಮೇಲೂ ರಾಯಲ್ಟಿಯ ಸಮಪಾಲನ್ನು ಬಿಟ್ಟುಕೊಡಲಾಗದು; ಕೊಡುವುದಿದ್ದರೆ ವಾರಸುದಾರರಿಗೆ ಅಥವಾ ಐಪಿಆರ್‌ಎಸ್‌ನಂಥ ಕೃತಿಸ್ವಾಮ್ಯ ಸೊಸೈಟಿಗೆ ಮಾತ್ರ. ‘ಮುಂದೆ ಬರಬಹುದಾದ ಮಾಧ್ಯಮ’ ಎಂಬ ಗತ್ತಿನ ಮಾತಿಗೂ ಅದು ಕಡಿವಾಣ ಹಾಕಿತು. ಕರಾರಿನ ಹೊತ್ತಿಗೆ ಇಲ್ಲದ ಮಾಧ್ಯಮವನ್ನು ನಿರ್ದಿಷ್ಟವಾಗಿ ಹೆಸರಿಸದಿದ್ದರೆ ಅದರ ಹಕ್ಕು ಕಂಪನಿಗೆ ಹೋಗುವುದಿಲ್ಲ.

ಆದರೆ ಕಾಯ್ದೆಯ 19ನೇ ಸೆಕ್ಷನ್ ಓದಿದರೆ ನಗು ಬರುತ್ತದೆ. ಅವಧಿ ಬರೆಯದಿದ್ದರೆ ಐದೇ ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ, ಪಡೆದ ಹಕ್ಕನ್ನು ಒಂದು ವರ್ಷ ಬಳಸದಿದ್ದರೆ ಅದು ರದ್ದು. ಕೊನೆಯದಕ್ಕೂ ‘ಕರಾರಿನಲ್ಲಿ ಬೇರೆ ಹೇಳದಿದ್ದರೆ’ ಎಂಬ ಬಾಲವಿದೆ. ಅಂದರೆ ರಕ್ಷಣೆ ಸಿಗುವುದು ಕಂಪನಿ ಬರೆಯಲು ಮರೆತಾಗ. ವಕೀಲರಿರುವ ಕಂಪನಿ ಮರೆಯುತ್ತದೆಯೇ? ‘ಶಾಶ್ವತ’ ಎಂಬ ಒಂದು ಪದಕ್ಕೆ ಮೂರು ರಕ್ಷಣೆಗಳಲ್ಲಿ ಮುಖ್ಯವಾದದ್ದು ಮಣ್ಣುಪಾಲು.

ಗಾಯಕರ ಭ್ರಮೆಯೂ ಸಣ್ಣದಲ್ಲ. 2017ರಲ್ಲಿ ಅಮೆರಿಕ ಪ್ರವಾಸದಲ್ಲಿದ್ದ ಗಾಯಕ ಎಸ್‌ಪಿಬಿಯವರಿಗೆ, ತಮ್ಮ ಸಂಯೋಜನೆಗಳನ್ನು ಅನುಮತಿಯಿಲ್ಲದೆ ಹಾಡಬಾರದೆಂದು ಸಂಗೀತ ನಿರ್ದೇಶಕ ಇಳಯರಾಜ ಅವರ ಕಡೆಯಿಂದ ಲೀಗಲ್ ನೋಟಿಸ್ ಬಂದಾಗ ಸ್ನೇಹ ಮುರಿಯಿತೆಂದು ಮರುಗಿದವರೇ ಹೆಚ್ಚು. ಎಷ್ಟು ಚೆನ್ನಾಗಿ ಹಾಡಿದರೂ ಸಂಯೋಜನೆಯ ಹಕ್ಕು ಗಾಯಕರದಾಗುವುದಿಲ್ಲ ಎಂಬ ಒಣ ಸಂಗತಿ ಆ ಮರುಕದಲ್ಲಿ ಕರಗಿಹೋಯಿತು. ಸಾಹಿತ್ಯದ ಬಗೆಗೂ ಇಂಥದೇ ಭ್ರಮೆ: ನಮ್ಮಲ್ಲಿ ಬೇಂದ್ರೆಯವರ ಪದ್ಯವೆಂದರೆ ಊರಿನ ಸ್ವತ್ತು ಎಂಬ ಭಾವನೆಯಿದೆ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ. ಅಲ್ಲಿಂದ 60 ವರ್ಷ, ಅಂದರೆ 2041ರ ಕೊನೆಯವರೆಗೆ ಆ ಪದ್ಯಗಳಿಗೆ ಒಡೆಯರಿದ್ದಾರೆ. ಪುರಂದರದಾಸರ ಕೀರ್ತನೆಗೆ ಆ ತೊಡಕಿಲ್ಲ, ಆದರೆ ಅದಕ್ಕೆ ಈಚಿನವರು ಹಾಕಿದ ಹೊಸ ಧಾಟಿಗೆ ಇದೆ.

ಸ್ವಂತ ಹಣದಲ್ಲಿ ಹಾಡು ಮಾಡಿಸಿದವರು ಮಾಸ್ಟರನ್ನು ಬರೆದುಕೊಡಬಾರದು, ಲೈಸೆನ್ಸ್ ಕೊಡಬೇಕು: ಇಂಥ ವೇದಿಕೆಗೆ, ಇಷ್ಟು ವರ್ಷಕ್ಕೆ, ಇಷ್ಟು ಪಾಲಿಗೆ. ಕವಿ, ಸಂಯೋಜಕ, ಗಾಯಕರ ಪಾಲು ಸ್ಟುಡಿಯೋಗೆ ಹೋಗುವ ಮೊದಲೇ ಕಾಗದಕ್ಕೆ ಬರಲಿ, ಅವರು ಗೆಳೆಯರೇ ಆಗಿದ್ದರೂ ಸರಿ. ಇದಕ್ಕೆ ಒಪ್ಪದ ಕಂಪನಿಗೆ ಹಾಡು ಕೊಡದಿರುವುದೇ ಲೇಸು. 2025ರಲ್ಲಿ ಬಿಡುಗಡೆಯಾದ ಧ್ವನಿಮುದ್ರಣದ ಹಕ್ಕು 2085ರ ಕೊನೆಯವರೆಗೂ ಜೀವಂತವಾಗಿರುತ್ತದೆ.