ದರಿಯಾ ದೌಲತ್ ಗೋಡೆಯ ಮೀಸೆಗಳು

ಶ್ರೀರಂಗಪಟ್ಟಣದಿಂದ ಗಂಜಾಂಗೆ ಹೋಗುವ ದಾರಿಯಲ್ಲಿರುವ ಟಿಪ್ಪುವಿನ ಅರಮನೆ ದರಿಯಾ ದೌಲತ್‌ನ ಪಶ್ಚಿಮದ ಗೋಡೆಯ ಪೊಲ್ಲಿಲೂರು ಯುದ್ಧಚಿತ್ರವನ್ನು ನಾಡಿನ ನೆನಪು ಎಂದು ಕೊಂಡಾಡುವುದು ರೂಢಿಯಾಗಿದೆ. ಈಸ್ಟ್ ಇಂಡಿಯಾ ಕಂಪನಿಯ ಮೇಲೆ ಹೈದರ್ ಅಲಿ ಮತ್ತು ಮಗ ಟಿಪ್ಪು ಪಡೆದ 1780ರ ಆ ಗೆಲುವಿನ ಕಥೆ ಎಲ್ಲರಿಗೂ ಗೊತ್ತು. ಒರೆಗೆ ಹಚ್ಚಬೇಕಾದದ್ದು ಈ ಬಿರುದನ್ನು.

ಮೀಸೆಗಳನ್ನು ನೋಡಿ. ಕಂಪನಿಯ ಕೆಂಪಂಗಿಯವರಿಗೆ ಮೀಸೆಯಿಲ್ಲ. ಸಾಲುಸಾಲಾಗಿ ಒಂದೇ ಅಚ್ಚಿನ ನುಣುಪು ಮುಖಗಳು. ಅವರ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಕಂಗಾಲಾಗಿ ಕೂತಿದ್ದಾನೆ. ಮೈಸೂರಿನ ಸವಾರರಿಗೆ ಗಡ್ಡಮೀಸೆಯ ಗತ್ತು. ಇದು ಕಂಡದ್ದನ್ನು ಕಂಡಂತೆ ಬರೆದದ್ದಲ್ಲ: ಸ್ವತಃ ಹೈದರ್ ಗಡ್ಡಮೀಸೆಯಿರಲಿ, ಹುಬ್ಬನ್ನೂ ಉಳಿಸಿಕೊಂಡವನಲ್ಲ. ಚಿತ್ರಕಾರನ ಜಾಣ್ಮೆ ಪೂರ್ತಿ ಬಯಲಾಗುವುದು ಹೈದರನ ಪರ ಕಾದಿದ ಫ್ರೆಂಚ್ ಪಡೆಯ ಲ್ಯಾಲಿಯಲ್ಲಿ. ಬಣ್ಣದಲ್ಲಿ ಅವನೂ ಬಿಳಿಯನೇ. ಆದರೂ ಕೈಗೊಂದು ದುರ್ಬೀನು, ಮುಖಕ್ಕೊಂದು ಮೀಸೆ ದಕ್ಕಿ ಅವನು ನಮ್ಮವನಾದ. ಇಲ್ಲಿ ಪರಕೀಯತೆ ಚರ್ಮದಲ್ಲಿಲ್ಲ, ದೊರೆಗೆ ಒದಗಿದವನೇ ಸ್ವಂತದವನು. ಕಲೆಯಾಗಿ ಇದು ಸೊಗಸು. ನಾಡಿನ ನೆನಪಾಗಿ ಬಲು ಕಿರಿದು.

ಏಕೆಂದರೆ ಈ ಅರಮನೆ ಎದ್ದ 1784ರಲ್ಲೇ ಟಿಪ್ಪುವಿನ ಅಪ್ಪಣೆಯಂತೆ ಕೆನರಾದ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿ ತಂದರು. ಶಹರ್ ಗಂಜಾಂ ತುಂಬಿಸಲು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿ ತಂದದ್ದನ್ನು ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಊರನ್ನೇ ಊರಾಗಿಸಿದ ಈ ಜನರಿಗೆ ಗೋಡೆಯಲ್ಲಿ ಒಂದು ಗೆರೆಯೂ ಇಲ್ಲ.

ಯುದ್ಧಚಿತ್ರದಲ್ಲಿ ಒಕ್ಕಲೆದ್ದವರನ್ನು ಹುಡುಕುವುದು ಅನ್ಯಾಯ ಎನ್ನುವ ವಿಮರ್ಶಕರಿದ್ದಾರೆ. ಅವರು ಪೂರ್ವದ ಗೋಡೆಗೆ ಬರಲಿ. ಅಲ್ಲಿ ಯುದ್ಧವಿಲ್ಲ, ದರ್ಬಾರುಗಳಿವೆ. ಚಿತ್ರದುರ್ಗದ ಮದಕರಿ ನಾಯಕ, ಮಾಗಡಿ ಕೆಂಪೇಗೌಡ, ತಂಜಾವೂರಿನ ರಾಜ ಎಲ್ಲರೂ ಇದ್ದಾರೆ. ಮುಮ್ಮಡಿ ಕೃಷ್ಣರಾಜ ಒಡೆಯರೂ ಇದ್ದಾರೆ! ಅರಮನೆ ಕಟ್ಟಿ ಹತ್ತು ವರ್ಷವಾದ ಮೇಲೆ, 1794ರಲ್ಲಿ ಹುಟ್ಟಿದವರು ಅವರು. ಅಂದರೆ ಟಿಪ್ಪು ಹೋದ ಮೇಲೂ ಈ ಗೋಡೆಗಳು ಹೊಸಬರಿಗೆ ಜಾಗ ಕೊಟ್ಟಿವೆ, ಆ ಹೊಸಬರು ಕಿರೀಟದವರಾಗಿದ್ದರೆ. ಯುದ್ಧಚಿತ್ರವನ್ನೂ ಕಂಪನಿಯ ಕರ್ನಲ್ ವೆಲ್ಲೆಸ್ಲಿ ಒಮ್ಮೆ ಸರಿಪಡಿಸಿದ. ಆಮೇಲೆ ಸುಣ್ಣದಡಿ ಹೋದದ್ದನ್ನು ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೆ ಬರೆಸಿದ. ಪೊಲ್ಲಿಲೂರಿನಲ್ಲಿ ಸೋತವರ ಕಡೆಯವರೇ ಉಳಿಸಿಕೊಟ್ಟ ಚಿತ್ರವನ್ನು ಟಿಪ್ಪುವಿನ ಸ್ವಂತ ದನಿ ಎಂದು ಓದುವ ಪಂಡಿತರ ಧೈರ್ಯ ಮೆಚ್ಚಬೇಕು.

ಈಚಿನ ರಾಜಕೀಯದ ಓದೂ ಬೇರೆಯಲ್ಲ. ಕರ್ನಾಟಕ ಸರ್ಕಾರ 2015ರಲ್ಲಿ ಟಿಪ್ಪು ಜಯಂತಿ ಆರಂಭಿಸಿ 2019ರಲ್ಲಿ ನಿಲ್ಲಿಸಿತು. ಆ ಗದ್ದಲದಲ್ಲಿ ಒಂದು ಪಕ್ಷ ಪೊಲ್ಲಿಲೂರು ತೋರಿಸಿ ಸೆರೆಯಾದವರನ್ನು ಮರೆಸಿತು. ಇನ್ನೊಂದು ಪಕ್ಷ ಸೆರೆಯಾದವರ ಪಟ್ಟಿ ಓದಿತು, ಆದರೆ ಶಿರಾದಿಂದ ಬಂದವರ ಸುದ್ದಿ ಎತ್ತಲಿಲ್ಲ; ಆ ಕಥೆ ಅದರ ಧರ್ಮದ ಲೆಕ್ಕಕ್ಕೆ ಕೂಡುವುದಿಲ್ಲ. ಇಬ್ಬರೂ ಓದಿದ್ದು ದೊರೆಯನ್ನೇ, ಪ್ರಜೆಯನ್ನಲ್ಲ. ಈ ಗೋಡೆಗಳ ಕ್ರಮವೂ ಅದೇ.

ದರಿಯಾ ದೌಲತ್ ದೊಡ್ಡ ಚಿತ್ರಶಾಲೆ, ಸಂಶಯವಿಲ್ಲ. ಆದರೆ ಅದನ್ನು ದೊರೆಗಳ ನೆನಪೆಂದು ಕರೆಯೋಣ. ನಾಡಿನ ನೆನಪಿಗೆ ಗಂಜಾಂನ ಜನ ಎಲ್ಲಿಂದ, ಯಾರ ಅಪ್ಪಣೆಯಿಂದ ಬಂದರೆಂಬ ಲೆಕ್ಕವೇ ಮೊದಲ ಪುಟವಾಗಬೇಕು.